ತೆಂಗಿನ ತೋಟಕ್ಕೆ ಕೆಂಪು ಪೊಟ್ಯಾಷ್: ಎರಡು ಬೇಸಿಗೆಗಳ ಅನುಭವ

ಮಂಡ್ಯ ಜಿಲ್ಲೆಯ ಗೊಬ್ಬರದಂಗಡಿಗಳಲ್ಲಿ 50 ಕಿಲೋ ಮೂಟೆಯಾಗಿ ಸಿಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಕೆಂಪು ಪೊಟ್ಯಾಷ್, ಹೊಸ ಸರಕೇನೂ ಅಲ್ಲ. ಆದರೂ ಬರ ಎದುರಿಸುವ ಗೊಬ್ಬರವಾಗಿ ಅದನ್ನು ಪರಿಗಣಿಸುವವರು ಕಡಿಮೆಯಾದ್ದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮದ್ದೂರು ತಾಲ್ಲೂಕಿನ ನಮ್ಮ ತೋಟದಲ್ಲಿ 40 ತೆಂಗಿನ ಮರಗಳಿವೆ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ 2023ರ ಮುಂಗಾರು ಕೈಕೊಟ್ಟ ನಂತರ, 2024ರ ಬೇಸಿಗೆಯಲ್ಲಿ ಗರಿಗಳು ಜೋತುಬಿದ್ದು ಹರಳು, ಅಂದರೆ ಎಳೆಯ ಕಾಯಿಗಳು, ಉದುರತೊಡಗಿದವು. ಆಗ ಅಂಗಡಿಯೊಂದರಲ್ಲಿ ತೆಂಗಿಗೆ ಇದೇ ಉತ್ತಮವೆಂದು ಹೇಳಿ ದುಬಾರಿ ಸಲ್ಫೇಟ್ ಆಫ್ ಪೊಟ್ಯಾಷ್ ಕೊಟ್ಟರು. ಮಾರ್ಚ್‌ನಲ್ಲಿ ಒಣ ಪಾತಿಗೆ ಹಾಕಿದ ಆ ಗೊಬ್ಬರದಿಂದ ಏನೂ ಪ್ರಯೋಜನವಾಗಲಿಲ್ಲ. ಪೊಟ್ಯಾಷಿಯಂ ಮಣ್ಣಿನ ತೇವದ ಮೂಲಕವೇ ಬೇರಿನ ಬಳಿಗೆ ಸರಿಯಬೇಕಾದ್ದರಿಂದ, ಬರ ಬಂದ ಮೇಲೆ ಕೊಟ್ಟದ್ದು ಮರಕ್ಕೆ ದಕ್ಕುವುದಿಲ್ಲ.

ಆಯ್ಕೆಯೂ ಸರಿಯಿರಲಿಲ್ಲ. ಎಲೆಯ ಪತ್ರರಂಧ್ರವನ್ನು ಕಾಯುವ ಜೋಡಿ ಕೋಶಗಳೊಳಗೆ ಪೊಟ್ಯಾಷಿಯಂ ಸೇರಿದಾಗ ನೀರೂ ಹಿಂಬಾಲಿಸಿ ರಂಧ್ರ ತೆರೆಯುತ್ತದೆ. ಅದು ಹೊರಬಂದಾಗ ರಂಧ್ರ ಮುಚ್ಚಿ ಮರದ ನೀರು ಉಳಿಯುತ್ತದೆ. ಪೊಟ್ಯಾಷಿಯಂ ಕೊರತೆಯಿರುವ ಎಲೆಯಲ್ಲಿ ಈ ಮುಚ್ಚುವಿಕೆ ನಿಧಾನವಾಗುತ್ತದೆ. ಪೊಟ್ಯಾಷಿಯಂನೊಂದಿಗೆ ಜೊತೆಗೂಡಲು ಬಹುಪಾಲು ಗಿಡಗಳು ಮ್ಯಾಲೇಟ್ ಎಂಬ ಸಾವಯವ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ. ತೆಂಗು ಮಾತ್ರ ಈ ಕೆಲಸಕ್ಕೆ ಹೆಚ್ಚಾಗಿ ಕ್ಲೋರೈಡನ್ನೇ ಅವಲಂಬಿಸಿದೆ. ಕೆಂಪು ಪೊಟ್ಯಾಷ್‌ನಲ್ಲಿ ಪೊಟ್ಯಾಷಿಯಂ, ಕ್ಲೋರೈಡ್ ಎರಡೂ ಇವೆ. ಅಗ್ಗದ ಮೂಟೆಯೇ ತೆಂಗಿಗೆ ಹೆಚ್ಚು ಹೊಂದುತ್ತದೆಂದು ತಿಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಫಲ ಕೊಡುವ ಮರಕ್ಕೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಈ ಗೊಬ್ಬರದಲ್ಲಿ ಶೇ. 60ರಷ್ಟು ಪೊಟ್ಯಾಷ್ ಇರುವುದರಿಂದ ಮರಕ್ಕೆ 2 ಕಿಲೋ ಬೇಕಾಗುತ್ತದೆ. ಮೂರರಲ್ಲಿ ಒಂದು ಪಾಲನ್ನು ಮೇ–ಜೂನ್‌ನಲ್ಲಿ, ಉಳಿದದ್ದನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಬುಡದಿಂದ ಸುಮಾರು 1.8 ಮೀಟರ್‌ವರೆಗಿನ ಪಾತಿಯಲ್ಲಿ ಹರಡಬೇಕು. ನಾನು 2024ರ ಮುಂಗಾರಿನಿಂದ ಹೀಗೆಯೇ ಕೊಟ್ಟೆ. ಹೋಲಿಕೆಗೆಂದು 8 ಮರಗಳ ಒಂದು ಸಾಲನ್ನು ಹಾಗೆಯೇ ಬಿಟ್ಟೆ. 2025ರ ಬೇಸಿಗೆ ಹಿಂದಿನದರಷ್ಟು ಕಠಿಣವಾಗಿರಲಿಲ್ಲ. ಆದರೂ ಬಿಟ್ಟ ಸಾಲಿನಲ್ಲಿ ಕೆಳಗರಿಗಳು ಏಪ್ರಿಲ್‌ನಲ್ಲೇ ಜೋತುಬಿದ್ದವು, ಉಳಿದ ಮರಗಳಲ್ಲಿ ಬಹುಮಟ್ಟಿಗೆ ನೆಟ್ಟಗೆ ನಿಂತಿದ್ದವು. ಇಳುವರಿಯ ಬಗ್ಗೆ ಈಗಲೇ ಏನನ್ನೂ ಹೇಳಲಾರೆ. ಹೊಂಬಾಳೆ ಅರಳಿದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು, ಆ ಹೊಂಬಾಳೆ ಮರದೊಳಗೆ ರೂಪುಗೊಳ್ಳುವುದು ಅದಕ್ಕೂ ಎರಡು ವರ್ಷಕ್ಕಿಂತ ಹಿಂದೆ.

ಕೊರತೆಗಳೂ ಇವೆ. ತೆರೆದ ಮೂಟೆ ತೇವ ಹೀರಿ ಗಟ್ಟಿಯಾಗುತ್ತದೆ. ಪ್ರಮಾಣ ಮೀರಿದರೆ ಬೇರು ಮೆಗ್ನೀಷಿಯಂ ಹೀರುವುದಕ್ಕೆ ಅಡ್ಡಿಯಾಗಿ ಹಳೆಯ ಗರಿಗಳು ಹಳದಿಯಾಗುತ್ತವೆ. ಯೂರಿಯಾವನ್ನೂ ಹಾಗೆಯೇ ಧಾರಾಳವಾಗಿ ಸುರಿದರೆ ಸೊಪ್ಪು ಹೆಚ್ಚಿ, ಬೇರು ಒದಗಿಸಲಾರದಷ್ಟು ನೀರನ್ನು ಮರ ಬೇಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದ ನಂತರವೇ ಮೂಟೆ ತರುವುದು ಒಳ್ಳೆಯದು.

ಬದುವಿನ ಮಾವಿಗೆ ಇದನ್ನು ನಾನು ಹಾಕುವುದಿಲ್ಲ. ಮಾವು ಕ್ಲೋರೈಡನ್ನು ಸಹಿಸದು. ಕಳೆದ ಬಾರಿ ಉಳಿದಿದ್ದ ಸಲ್ಫೇಟ್ ಆಫ್ ಪೊಟ್ಯಾಷನ್ನು ಮಳೆ ಬಿದ್ದ ಮೇಲೆ ಅದರ ಬುಡಕ್ಕೇ ಕೊಟ್ಟೆ.