ಮಾರ್ಗದರ್ಶಕರ ಜೊತೆ ಸ್ವಂತ ಓದು: ವರ್ಷ ದಾಟಿದ ಮೇಲಿನ ಅನುಭವ

ಶಿರಸಿಯಲ್ಲಿ ಕೆಲಸ ಮಾಡುತ್ತಲೇ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ತಳಪಾಯವನ್ನು ತರ್ಕದಿಂದ ಕಟ್ಟುವ ಗಣಿತ) ಓದುತ್ತಿದ್ದೇನೆ. ಇದು ಕ್ಲಾಸ್ ಅಲ್ಲ, ಟ್ಯೂಷನ್ನೂ ಅಲ್ಲ. ಪುಸ್ತಕ ನಾನೇ ಓದಬೇಕು, ಲೆಕ್ಕ ನಾನೇ ಬಿಡಿಸಬೇಕು. ವಾರಕ್ಕೊಮ್ಮೆ ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಓದಿದ್ದನ್ನು ವಿವರಿಸಬೇಕು. ಫೀ ಇಲ್ಲ, ಪುಸ್ತಕದ ಖರ್ಚು ಮಾತ್ರ.

ಪುಸ್ತಕ ವಾಲ್ಟರ್ ರುಡಿನ್ ಅವರ ‘ಪ್ರಿನ್ಸಿಪಲ್ಸ್ ಆಫ್ ಮ್ಯಾಥಮ್ಯಾಟಿಕಲ್ ಅನಾಲಿಸಿಸ್’, 1976ರ ಮೂರನೇ ಆವೃತ್ತಿ. ಪ್ರೂಫ್‌ಗಳು ತೀರಾ ಚಿಕ್ಕವು. ಅಭ್ಯಾಸದ ಲೆಕ್ಕಗಳಿಗೆ ಕೊನೆಯಲ್ಲಿ ಉತ್ತರವೂ ಇಲ್ಲ. ಒಬ್ಬರೇ ಓದಿದರೆ ಎರಡನೇ ಅಧ್ಯಾಯದ ಕಾಂಪ್ಯಾಕ್ಟ್ ಗಣಗಳ ಹತ್ತಿರವೇ ನಿಂತುಬಿಡಬಹುದು.

ಸರ್ ಇರುವುದರ ಲಾಭ ನನಗೆ ಗೊತ್ತಾಗಿದ್ದು ಅಲ್ಲೇ. ಓಪನ್ ಗಣ ಅಂದರೆ ತನ್ನ ಪ್ರತಿ ಬಿಂದುವಿನ ಸುತ್ತಲಿನ ಒಂದಿಷ್ಟು ಜಾಗವೂ ತನ್ನೊಳಗೇ ಇರುವ ಗಣ. ಒಂದು ಗಣವನ್ನು ಯಾವುದೇ ಓಪನ್ ಗಣಗಳಿಂದ ಕವರ್ ಮಾಡಿದರೂ ಅವುಗಳಲ್ಲಿ ಎಣಿಸಿ ಮುಗಿಸುವಷ್ಟೇ ಸಾಕಾದರೆ ಅದು ಕಾಂಪ್ಯಾಕ್ಟ್. ವ್ಯಾಖ್ಯೆ ಹೇಳಿದೆ. ಸರ್ ಕೇಳಿದರು: “0 ಮತ್ತು 1ರ ನಡುವಿನ ಸಂಖ್ಯೆಗಳನ್ನು ತಗೋ, ತುದಿ ಬೇಡ. (1/2, 1), (1/3, 1), (1/4, 1) ಹೀಗೆ ಕವರ್ ಮಾಡು. ಎಷ್ಟು ಬೇಕು?” (1/2, 1) ಅಂದರೆ ತುದಿ ಬಿಟ್ಟು 1/2 ಮತ್ತು 1ರ ನಡುವಿನ ಎಲ್ಲ ಸಂಖ್ಯೆಗಳು. (1/50, 1)ಕ್ಕೆ ನಿಲ್ಲಿಸಿದರೆ 1/100 ಹೊರಗೇ ಉಳಿಯುತ್ತದೆ. ಎಲ್ಲಿ ನಿಲ್ಲಿಸಿದರೂ ಇದೇ ಪಾಡು. “ಈಗ 0 ಸೇರಿಸಿ ನೋಡು.” ಆ ಪಟ್ಟಿಯ ಯಾವ ಗಣದಲ್ಲೂ 0 ಇಲ್ಲ, ಅದಕ್ಕೆ ಇನ್ನೊಂದು ಓಪನ್ ಗಣ ಬೇಕು. 0 ಇರುವ ಓಪನ್ ಗಣ ಎಷ್ಟೇ ಚಿಕ್ಕದಿರಲಿ, ಪಕ್ಕದ ಒಂದಿಷ್ಟು ಜಾಗವನ್ನೂ ಹಿಡಿಯುತ್ತದೆ. ಉಳಿದ ಭಾಗಕ್ಕೆ ಆ ಪಟ್ಟಿಯ ಒಂದೇ ಗಣ ಸಾಕು! ಸಂಖ್ಯಾರೇಖೆಯ ಮೇಲೆ ಕ್ಲೋಸ್ಡ್ (ಅಂಚಿನ ಬಿಂದುಗಳೂ ಒಳಗಿರುವ) ಮತ್ತು ಮಿತಿಯೊಳಗಿನ ಗಣಗಳೆಲ್ಲ ಕಾಂಪ್ಯಾಕ್ಟ್ ಎನ್ನುವ ಹೈನೆ-ಬೊರೆಲ್ ಪ್ರಮೇಯದಲ್ಲಿ ‘ಕ್ಲೋಸ್ಡ್’ ಎಂಬ ಷರತ್ತು ಯಾಕಿದೆ ಅಂತ ಸರ್ ಹೇಳಲೇ ಇಲ್ಲ. ನನ್ನ ಬಾಯಿಂದಲೇ ಹೊರಡಿಸಿದರು. ಆ ಸಂಜೆಯ ಖುಷಿ ಯಾವ ಪರೀಕ್ಷೆಯ ಅಂಕದಿಂದಲೂ ನನಗೆ ಸಿಕ್ಕಿರಲಿಲ್ಲ.

ಐಐಟಿಗಳ ಉಚಿತ ಆನ್‌ಲೈನ್ ಪಾಠಗಳಾದ ಎನ್‌ಪಿಟೆಲ್ ವಿಡಿಯೋಗಳು ಚೆನ್ನಾಗಿವೆ, ನಾನೂ ನೋಡುತ್ತೇನೆ. ಆದರೆ “ಈ ಸಾಲು ಎಲ್ಲಿಂದ ಬಂತು?” ಅಂತ ವಿಡಿಯೋ ಕೇಳುವುದಿಲ್ಲ, ಅಲ್ವಾ?

ಸರ್ ಇರುವುದು ಕಾರವಾರದಲ್ಲಿ. ವಾರವಾರ ದೇವಿಮನೆ ಘಟ್ಟ ಇಳಿದು ಹೋಗಿಬರುವುದು ಆಗದ ಮಾತು, ಹಾಗಾಗಿ ವಿಡಿಯೋ ಕಾಲ್. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಹೇಳದೆ ಕೇಳದೆ ಹೋಗುತ್ತವೆ. ಆಗ ಪ್ರೂಫ್ ಬರೆದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ. ನನ್ನ ಬರವಣಿಗೆ ಬಿಗಿಯಾದದ್ದು ಆ ವಾರಗಳಲ್ಲೇ. ಮಾತಿನಲ್ಲಾದರೆ ಕೈ ಆಡಿಸಿ ದಾಟಬಹುದು, ಹಾಳೆಯ ಮೇಲೆ ಆಗುವುದಿಲ್ಲ.

ಕೊರತೆಗಳೂ ಇವೆ. ಜೊತೆಗೆ ಓದುವ ಗೆಳೆಯರಿಲ್ಲ, ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಸರ್ಟಿಫಿಕೇಟ್ ಸಿಗುವುದಿಲ್ಲ. ವೇಗ ಬಹಳ ಕಮ್ಮಿ, ಒಂದು ಪುಟಕ್ಕೆ ಒಂದು ವಾರ ಹಿಡಿದದ್ದೂ ಇದೆ. ಮುಂದಿನ ಫೆಬ್ರವರಿಗೆ ಜ್ಯಾಮ್ (ಐಐಟಿ ಮುಂತಾದೆಡೆ ಎಂ.ಎಸ್ಸಿ. ಸೇರಲು ಬರೆಯುವ ಪ್ರವೇಶ) ಪರೀಕ್ಷೆ ಬರೆಯುವವರು ಇದೊಂದನ್ನೇ ನಂಬಿ ಕೂರಬೇಡಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೇರೆಯಾಗಿ ಬಿಡಿಸಿ. ಎಂ.ಎಸ್ಸಿ. ಸೇರುವ ಮೊದಲು ಒಂದು ವರ್ಷ ಕೈಯಲ್ಲಿದ್ದರೆ ಖಂಡಿತ ಶುರುಮಾಡಿ.