ಫಿಲಿಪೀನ್ಸ್ ಸಂಗಾತಿಗೆ ಎಂಟ್ರಿ ವೀಸಾ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗಾಗಿ ಇ-ಎಫ್‌ಆರ್‌ಆರ್‌ಒ ಸೇವೆಯ ವಿಮರ್ಶೆ

ಪೋರ್ಟಲ್‌ಗೆ ಐದರಲ್ಲಿ ನಾಲ್ಕು ಅಂಕ. ಗಲ್ಫ್‌ನಲ್ಲೋ ಸಿಂಗಪುರದಲ್ಲೋ ಹಡಗಿನ ಕೆಲಸದಲ್ಲೋ ಪರಿಚಯವಾದ ಫಿಲಿಪಿನೋ ಸಂಗಾತಿಯನ್ನು ಮದುವೆಯಾಗಿ ನಮ್ಮ ಮೂರು ಜಿಲ್ಲೆಗಳಲ್ಲಿ ಸಂಸಾರ ಹೂಡುವವರಿಗೆ ಗೃಹ ಸಚಿವಾಲಯದ ಇ-ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ ಆನ್‌ಲೈನ್ ಪೋರ್ಟಲ್, ನಿಜಕ್ಕೂ ಉಪಕಾರದ ಸೇವೆ. 2018ರಲ್ಲಿ ಇದು ಬರುವ ಮುಂಚೆ ನೋಂದಣಿ, ವೀಸಾ ವಿಸ್ತರಣೆ, ವಿಳಾಸ ಬದಲಾವಣೆ, ಎಕ್ಸಿಟ್ ಪರ್ಮಿಟ್ (ದೇಶ ಬಿಟ್ಟು ಹೊರಡುವ ಅನುಮತಿ) ಎಲ್ಲಕ್ಕೂ ಕಚೇರಿಗೇ ಹೋಗಿ ಕಾಯಬೇಕಿತ್ತು. ಈಗ ಅರ್ಜಿ, ದಾಖಲೆ, ಶುಲ್ಕ ಎಲ್ಲವೂ ಆನ್‌ಲೈನ್. ಪರ್ಮಿಟ್ ಇಮೇಲ್‌ಗೆ ಬರುತ್ತದೆ. ಕರೆದರೆ ಮಾತ್ರ ಬೆಂಗಳೂರಿನ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿರುವ ಕಚೇರಿಗೆ ಹೋದರಾಯಿತು. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಒಂದು ಸಹಿಗೆ ಇಡೀ ದಿನ ಕಳೆಯುವುದು ತಪ್ಪಿದ್ದು ಸಣ್ಣ ವಿಷಯವಲ್ಲ.

ಒಂದು ಅಂಕ ಕಡಿಮೆ ಕೊಟ್ಟಿದ್ದಕ್ಕೆ ಕಾರಣವಿದೆ. ಪೋರ್ಟಲ್ ಬೇಕಾದ ದಾಖಲೆಗಳ ಹೆಸರು ಹೇಳುತ್ತದೆ, ಅವುಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು ಎನ್ನುವುದನ್ನು ಹೇಳುವುದಿಲ್ಲ. ಅರ್ಜಿ ಕೆಡುವುದು ಬಹುಪಾಲು ಅಲ್ಲಿಗೆ ಹೋಗುವ ಮೊದಲೇ, ಮದುವೆ ನೋಂದಣಿಯ ಹಂತದಲ್ಲಿ. ಹಾಗಾಗಿ ಇಲ್ಲಿ ಪೋರ್ಟಲ್‌ಗಿಂತ ಅದರೊಳಗೆ ಹಾಕುವ ಕಾಗದಗಳ ಮಾತೇ ಹೆಚ್ಚು.

ಮೊದಲು ಕೇಳಿಕೊಳ್ಳಬೇಕಾದದ್ದು, ಮದುವೆ ಯಾವ ಕಾಯ್ದೆಯಡಿ ಎಂದು. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಅಲ್ಲಿನ ರಸೀದಿ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ವಧು ವರ ಇಬ್ಬರೂ ಹಿಂದೂಗಳಾಗಿರಬೇಕು. ಫಿಲಿಪೀನ್ಸಿನವರಲ್ಲಿ ಬಹುಪಾಲು ಕ್ಯಾಥೊಲಿಕ್ಕರು. ಆದ್ದರಿಂದ 1954ರ ವಿಶೇಷ ವಿವಾಹ ಕಾಯ್ದೆಯೇ ಸರಿಯಾದ ದಾರಿ. ಮನೆಯವರ ಸಂತೋಷಕ್ಕೆ ಧಾರೆ, ಊಟ, ಆರತಕ್ಷತೆ ಎಲ್ಲವನ್ನೂ ಧಾರಾಳವಾಗಿ ಮಾಡಿ, ಆದರೆ ವೀಸಾಕ್ಕೆ ಬೇಕಾದ ಪ್ರಮಾಣಪತ್ರ ವಿವಾಹ ಅಧಿಕಾರಿಯದೇ ಆಗಿರಲಿ.

ಈ ಕಾಯ್ದೆಯಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ನೋಟಿಸ್ ಕೊಡುವ ಮುಂಚಿನ 30 ದಿನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ವಾಸವಿರಬೇಕು. ಊರಲ್ಲೇ ಇರುವವರಿಗೆ ಇದು ತೊಂದರೆಯಲ್ಲ. ಆದರೆ ದುಬೈನಿಂದ ಮೊನ್ನೆ ಬಂದವರು ಇವತ್ತೇ ನೋಟಿಸ್ ಕೊಡಲಾಗುವುದಿಲ್ಲ. ನೋಟಿಸನ್ನು ಕಚೇರಿಯ ಬೋರ್ಡಿಗೆ ಹಾಕಿದ ಮೇಲೆ ಆಕ್ಷೇಪಣೆಗೆ ಇನ್ನೂ 30 ದಿನ. ಅದು ಕಳೆದ ನಂತರ 3 ಜನ ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟ ದಿನದಿಂದ 3 ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು ಅಲ್ಲೇ ನೋಟಿಸ್ ಕೊಟ್ಟರೆ, ಕಾಯಂ ವಿಳಾಸ ಕೋಲಾರದ್ದಾದರೆ ಅದರ ಒಂದು ಪ್ರತಿ ಕೋಲಾರದ ವಿವಾಹ ಅಧಿಕಾರಿಗೂ ಹೋಗಿ ಅಲ್ಲಿಯೂ ಪ್ರಕಟವಾಗಬೇಕು. ಕಾಯಂ ವಿಳಾಸವಿರುವ ಜಿಲ್ಲೆಯಲ್ಲೇ ಇದ್ದು ಅಲ್ಲೇ ನೋಟಿಸ್ ಕೊಟ್ಟರೆ ಈ ಸುತ್ತು ಇರುವುದಿಲ್ಲ.

ಈಗ ಇದನ್ನು ವೀಸಾ ಜೊತೆ ಇಟ್ಟು ನೋಡಿ. 30 ದಿನಗಳ ಇ-ಟೂರಿಸ್ಟ್ ವೀಸಾದಲ್ಲಿ ಬಂದವರಿಗೆ 30 ದಿನಗಳ ನೋಟಿಸ್ ಮುಗಿಸಿ, ಮದುವೆಯಾಗಿ, ಪ್ರಮಾಣಪತ್ರ ಪಡೆದು ಹೊರಡಲು ಸಾಧ್ಯವೇ ಇಲ್ಲ. ಒಂದು ವರ್ಷದ ಇ-ಟೂರಿಸ್ಟ್ ವೀಸಾ ಪಡೆದು ಬರುವುದು ಸರಿ. ಕೆಲಸಕ್ಕೆ ರಜೆ ಸಿಗದಿದ್ದರೆ ಒಮ್ಮೆ ಬಂದು ಇಬ್ಬರೂ ನೋಟಿಸಿಗೆ ಸಹಿ ಹಾಕಿ, ಹಿಂದಿರುಗಿ, ಆ 3 ತಿಂಗಳೊಳಗೆ ಮತ್ತೆ ಬಂದು ಮದುವೆಯಾಗುವ ದಾರಿಯೂ ಇದೆ. ಮದುವೆಯಾದ ತಕ್ಷಣ ಇಲ್ಲೇ ಕುಳಿತು ಇ-ವೀಸಾವನ್ನು ಸಂಗಾತಿ ವೀಸಾ ಮಾಡಿಸಿಕೊಳ್ಳಬಹುದು ಎಂದು ನಂಬಿಕೊಳ್ಳಬೇಡಿ. ಇ-ವೀಸಾಗೆ ವಿಸ್ತರಣೆಯಿಲ್ಲ, ಪರಿವರ್ತನೆಯಿಲ್ಲ ಎಂದು ಅದರ ಷರತ್ತಿನಲ್ಲೇ ಇದೆ. ಪ್ರಮಾಣಪತ್ರ ಹಿಡಿದು ಮನಿಲಾಕ್ಕೆ ಹೋಗಿ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಎಂಟ್ರಿ ವೀಸಾ, ಅಂದರೆ ಎಕ್ಸ್ ವರ್ಗದ ವೀಸಾ, ಕೇಳುವುದೇ ಕ್ಷೇಮ. ಒಂದು ವಿಮಾನದ ಖರ್ಚು ಜಾಸ್ತಿಯಾದರೂ ಮುಂದಿನ ವರ್ಷಗಳ ನೆಮ್ಮದಿ ಅದರಲ್ಲಿದೆ.

ಫಿಲಿಪೀನ್ಸ್ ಕಡೆಯಿಂದ ತರಬೇಕಾದ್ದು ಮುಖ್ಯವಾಗಿ ಎರಡು: ಜನನ ಪ್ರಮಾಣಪತ್ರ ಮತ್ತು ‘ಸೆನೋಮಾರ್’ ಎಂದು ಅವರು ಕರೆಯುವ ಅವಿವಾಹಿತ ದೃಢೀಕರಣ. ಎರಡನ್ನೂ ಅಲ್ಲಿನ ಅಂಕಿಅಂಶ ಪ್ರಾಧಿಕಾರ, ಪಿಎಸ್‌ಎ, ಭದ್ರತಾ ಕಾಗದದ ಮೇಲೆ ಕೊಡುತ್ತದೆ. ಅಲ್ಲಿನ ವಿದೇಶಾಂಗ ಇಲಾಖೆಯ ಅಪಾಸ್ಟಿಲ್, ಅಂದರೆ ಒಪ್ಪಂದದ ದೇಶಗಳೆಲ್ಲ ಒಪ್ಪುವ ದೃಢೀಕರಣ, ಹಾಕಿಸಿದ ಮೇಲೆ ತಂದರೆ ಇಲ್ಲಿ ಮತ್ತೆ ರಾಯಭಾರ ಕಚೇರಿಯ ಮುದ್ರೆ ಬೇಕಾಗುವುದಿಲ್ಲ. ಭಾರತ 2005ರಿಂದ, ಫಿಲಿಪೀನ್ಸ್ 2019ರ ಮೇ 14ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿವೆ. ಸೆನೋಮಾರ್ ಹಳೆಯದಾಗಿರಬಾರದು, ನೋಟಿಸಿಗೆ ಮುಂಚಿನ 6 ತಿಂಗಳೊಳಗಿನದ್ದು ಇದ್ದರೆ ಒಳ್ಳೆಯದು. ಇವುಗಳ ಜೊತೆಗೆ ದೆಹಲಿಯ ಫಿಲಿಪೀನ್ಸ್ ರಾಯಭಾರ ಕಚೇರಿ ತನ್ನ ಪ್ರಜೆಗಳಿಗೆ ಮದುವೆಯಾಗಲು ಕಾನೂನು ಅಡ್ಡಿಯಿಲ್ಲ ಎಂಬ ಪತ್ರ ಕೊಡುತ್ತದೆ. ನಿಮ್ಮ ವಿವಾಹ ಅಧಿಕಾರಿ ಸೆನೋಮಾರ್ ಸಾಕು ಎನ್ನುತ್ತಾರೋ ಆ ಪತ್ರವನ್ನೂ ಕೇಳುತ್ತಾರೋ, ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿ.

ಸಂಗಾತಿಗೆ ಹಿಂದೊಂದು ಮದುವೆ ಆಗಿದ್ದರೆ ಇನ್ನೂ ಎಚ್ಚರ ಬೇಕು. ಮುಸ್ಲಿಮರನ್ನು ಬಿಟ್ಟರೆ ಫಿಲಿಪೀನ್ಸಿನಲ್ಲಿ ವಿಚ್ಛೇದನದ ಕಾನೂನಿಲ್ಲ. ಮದುವೆ ಅಸಿಂಧು ಎಂಬ ಕೋರ್ಟ್ ಆದೇಶವೇ ಬೇಕು, ಅದು ಪಿಎಸ್‌ಎ ದಾಖಲೆಯಲ್ಲಿ ಷರಾ ಆಗಿ ಬಂದಿರಬೇಕು. ಬೇರೆ ದೇಶದವರನ್ನು ಮದುವೆಯಾಗಿ ಅಲ್ಲಿ ವಿಚ್ಛೇದನ ಆಗಿದ್ದರೂ ಫಿಲಿಪೀನ್ಸ್ ಕೋರ್ಟ್ ಅದನ್ನು ಮಾನ್ಯ ಮಾಡುವ ತನಕ ಅಲ್ಲಿನ ದಾಖಲೆಯಲ್ಲಿ ಅವರು ವಿವಾಹಿತರೇ. ‘ಗಂಡ ಬಿಟ್ಟು ಹತ್ತು ವರ್ಷ ಆಯ್ತು’ ಎನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಇದನ್ನು ಮುಚ್ಚಿಟ್ಟು ನೋಟಿಸ್ ಕೊಡಬೇಡಿ, ಜೀವಂತ ಸಂಗಾತಿ ಇರುವವರ ಮದುವೆ ವಿಶೇಷ ವಿವಾಹ ಕಾಯ್ದೆಯಡಿ ಸಿಂಧುವೇ ಅಲ್ಲ.

ಹೆಸರಿನ ವಿಚಾರ ನಮ್ಮ ಮೂರು ಜಿಲ್ಲೆಗಳಿಗೆ ವಿಶೇಷವಾಗಿ ಕಾಡುವಂಥದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗಿದ್ದು 2007ರಲ್ಲಿ. ಅದಕ್ಕೂ ಮುಂಚೆ ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದಲ್ಲಿ ಹುಟ್ಟಿದವರ ಜನನ ಪತ್ರದಲ್ಲಿ ಕೋಲಾರ ಜಿಲ್ಲೆ, ಆಧಾರ್‌ನಲ್ಲಿ ಚಿಕ್ಕಬಳ್ಳಾಪುರ. ತುಮಕೂರಿನವರ ಹಳೆಯ ಪಾಸ್‌ಪೋರ್ಟಿನಲ್ಲಿ ‘ಟುಮ್ಕುರ್’, 2014ರ ನವೆಂಬರ್ ನಂತರದ ಕಾಗದದಲ್ಲಿ ‘ತುಮಕೂರು’. ಇಲ್ಲಿ ಎಲ್ಲರಿಗೂ ಗೊತ್ತಿರುವ ಈ ಬದಲಾವಣೆ ಮನಿಲಾದ ಕೌಂಟರಿನಲ್ಲಿ ಕುಳಿತವರಿಗೆ ಎರಡು ಬೇರೆ ಊರಾಗಿ ಕಾಣಬಹುದು. ಎರಡೂ ಒಂದೇ ಊರು ಎಂದು ನೋಟರಿ ಅಫಿಡವಿಟ್ ಮಾಡಿಸಿ ಜೊತೆಗಿಡಿ.

ಅದಕ್ಕಿಂತ ದೊಡ್ಡದು ಇನಿಷಿಯಲ್. ನಮ್ಮ ಕಡೆಯವರಿಗೆ ಸರ್‌ನೇಮ್ ಇರುವುದಿಲ್ಲ. ಊರು, ಅಪ್ಪನ ಹೆಸರಿನ ಒಂದೊಂದು ಅಕ್ಷರ ಇರುತ್ತದೆ, ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಎಷ್ಟೋ ಜನರದ್ದು ಖಾಲಿ. ಫಿಲಿಪಿನೋ ಪದ್ಧತಿಯಲ್ಲಿ ಮೊದಲ ಹೆಸರು, ನಡುವೆ ತಾಯಿಯ ತವರಿನ ಸರ್‌ನೇಮ್, ಕೊನೆಗೆ ತಂದೆಯ ಸರ್‌ನೇಮ್, ಮೂರೂ ಇರಲೇಬೇಕು. ಮದುವೆ ಪ್ರಮಾಣಪತ್ರದಲ್ಲಿ ಅವರ ನಡುವಿನ ಹೆಸರು ಬಿಟ್ಟುಹೋದರೆ ಅಥವಾ ನಿಮ್ಮ ಇನಿಷಿಯಲ್ ಒಮ್ಮೆ ಮುಂದೆ ಒಮ್ಮೆ ಹಿಂದೆ ಬಂದರೆ, ರಾಯಭಾರ ಕಚೇರಿಯಿಂದ ಇ-ಎಫ್‌ಆರ್‌ಆರ್‌ಒವರೆಗೆ ಪ್ರತಿ ಹಂತದಲ್ಲೂ ಪ್ರಶ್ನೆ ಏಳುತ್ತದೆ. ಪರಿಹಾರ ಸುಲಭ. ಸಹಿ ಹಾಕುವ ಮುಂಚೆ ಕರಡು ಪ್ರತಿ ಕೇಳಿ, ಇಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ. ಸಹಿಯಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಮದುವೆ ಪ್ರಮಾಣಪತ್ರಕ್ಕೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಆಗಬೇಕು. ಬೆಂಗಳೂರಿನಲ್ಲೇ ಆಗುತ್ತದೆ. ಸರ್ಕಾರದ ಅಪಾಸ್ಟಿಲ್ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಅರ್ಜಿ ಸ್ವೀಕರಿಸುವ ಸಂಸ್ಥೆಯ ಸೇವಾ ಶುಲ್ಕ ಪ್ರತ್ಯೇಕ.

ಮನಿಲಾ ವಿಮಾನ ನಿಲ್ದಾಣದಲ್ಲಿ ಇನ್ನೊಂದು ತಡೆ ಇದೆ, ನಮ್ಮವರು ಹೆಚ್ಚಾಗಿ ಮರೆಯುವುದು ಇದನ್ನೇ. ವಿದೇಶಿಯರನ್ನು ಮದುವೆಯಾದ ಅಥವಾ ಆಗಲಿರುವ ಫಿಲಿಪಿನೋಗಳು ಅಲ್ಲಿನ ಸಾಗರೋತ್ತರ ಫಿಲಿಪಿನೋಗಳ ಆಯೋಗ, ಸಿಎಫ್‌ಒ, ನಡೆಸುವ ಮಾರ್ಗದರ್ಶನ ಕಾರ್ಯಕ್ರಮಕ್ಕೆ ಹಾಜರಾಗಿ ಪ್ರಮಾಣಪತ್ರ ಪಡೆದಿರಬೇಕು. ಮದುವೆಯ ನೆಪದಲ್ಲಿ ಹೆಣ್ಣುಮಕ್ಕಳ ಸಾಗಾಟ ತಡೆಯಲು ಮಾಡಿರುವ ವ್ಯವಸ್ಥೆ ಇದು, ಹಾಗಾಗಿ ಅಲ್ಲಿನ ಅಧಿಕಾರಿಗಳು ಇದನ್ನು ಸಡಿಲ ಬಿಡುವುದಿಲ್ಲ. ಮದುವೆಗೆ ಹೊರಟವರು ‘ಸುಮ್ಮನೆ ಸುತ್ತಾಡಲು’ ಎಂದರೆ, ಪ್ರಶ್ನೆ ಕೇಳುತ್ತಾ ಹೋದಂತೆ ಮಾತು ಹೊಂದದೆ ವಿಮಾನ ಹತ್ತಲು ಬಿಡದಿರುವುದೂ ಉಂಟು. ನಿಜವನ್ನೇ ಹೇಳಲಿ, ಕೈಯಲ್ಲಿ ಪ್ರಮಾಣಪತ್ರ ಇರಲಿ.

ಎಂಟ್ರಿ ವೀಸಾ ಬಂದ ಮೇಲೆ ಇ-ಎಫ್‌ಆರ್‌ಆರ್‌ಒ ಕೆಲಸ. ಸ್ಟಿಕ್ಕರ್ ಮೇಲಿನ ಒಕ್ಕಣೆ ಓದಿ. 180 ದಿನಕ್ಕಿಂತ ಹೆಚ್ಚಿನ ವೀಸಾಗೆ ಬಂದ 14 ದಿನದೊಳಗೆ ನೋಂದಣಿ ಆಗಬೇಕು, ಪ್ರತಿ ವಾಸ 180 ದಿನ ಮೀರಬಾರದು ಎಂದು ಬರೆದಿದ್ದರೆ ಲೆಕ್ಕ ಬೇರೆ. ಹಾಕಬೇಕಾದ ದಾಖಲೆಗಳು: ಪಾಸ್‌ಪೋರ್ಟ್, ವೀಸಾ ಮತ್ತು ಆಗಮನದ ಮುದ್ರೆಯ ಪುಟಗಳು, ಫೋಟೋ, ಮದುವೆ ಪ್ರಮಾಣಪತ್ರ, ಭಾರತೀಯ ಸಂಗಾತಿಯ ಪಾಸ್‌ಪೋರ್ಟ್, ಅವರ ಮುಚ್ಚಳಿಕೆ, ವಿಳಾಸದ ಪುರಾವೆ.

ಪೋರ್ಟಲ್‌ನಲ್ಲಿ ಹಳ್ಳಿಯವರು ಎಡವುವುದು ಈ ಕೊನೆಯದರಲ್ಲಿ. ಬೆಸ್ಕಾಂ ಬಿಲ್ ತಾತನ ಹೆಸರಿನಲ್ಲಿ, ಖಾತೆ ದೊಡ್ಡಪ್ಪನ ಹೆಸರಿನಲ್ಲಿ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರಿಂದಲೇ ‘ನಮ್ಮ ಮನೆಯಲ್ಲಿದ್ದಾರೆ’ ಎಂದು ಸಹಿ ಮಾಡಿದ ಪತ್ರ, ಅವರ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಅವರು ತೀರಿಕೊಂಡಿದ್ದರೆ ಮೊದಲು ಬಿಲ್ಲಿನ ಹೆಸರು ಬದಲಾಯಿಸಿಕೊಳ್ಳಿ.

ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡವರು 24 ಗಂಟೆಯೊಳಗೆ ಅವರ ವಾಸದ ವಿವರ ಕೊಡುವ ನಮೂನೆ (ಫಾರ್ಮ್-ಸಿ ಎಂದೇ ರೂಢಿ) ತುಂಬಬೇಕು. ಇದು ಲಾಡ್ಜಿಗೆ ಮಾತ್ರ ಎಂದು ತಿಳಿದವರೇ ಹೆಚ್ಚು, ಆದರೆ ಅತ್ತೆ ಮಾವನ ಮನೆಗೂ ಅನ್ವಯ. ಫಾರ್ಮ್-ಸಿ ಲಾಗಿನ್‌ಗೆ ಅನುಮೋದನೆ ಬೇಕಾದ್ದರಿಂದ ಸೊಸೆಯೋ ಅಳಿಯನೋ ಬರುವ ಕೆಲವು ವಾರ ಮುಂಚೆಯೇ ಮನೆಯ ಹೆಸರಿನಲ್ಲಿ ಖಾತೆ ತೆರೆದಿಡಿ. ಹಳೆಯ ಮಾಹಿತಿಯಲ್ಲಿ 1946ರ ವಿದೇಶಿಯರ ಕಾಯ್ದೆ ಎಂದಿದ್ದರೆ ಗಮನಿಸಿ: 2025ರ ಸೆಪ್ಟೆಂಬರ್ 1ರಿಂದ ಅದರ ಜಾಗದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.

ಇಬ್ಬರೂ ಒಟ್ಟಿಗೆ ವಾಸವಿದ್ದಾರೆಯೇ ಎಂದು ಠಾಣೆಯಿಂದ ವಿಚಾರಣೆ ಬಂದಾಗ ಹೆದರುವಂಥದ್ದೇನಿಲ್ಲ. ಮೂಲ ದಾಖಲೆ ತೋರಿಸಿ, ನೆರೆಯವರಿಗೆ ವಿಷಯ ತಿಳಿದಿರಲಿ. ಕೆಜಿಎಫ್ ಭಾಗದವರು ನೆನಪಿಡಿ, ಕಂದಾಯ ಜಿಲ್ಲೆ ಕೋಲಾರವಾದರೂ ಪೊಲೀಸ್ ಜಿಲ್ಲೆ ಬೇರೆ, ಎಸ್‌ಪಿ ಬೇರೆ. ಅರ್ಜಿಯಲ್ಲಿ ಠಾಣೆ ಆರಿಸುವಾಗ ತಪ್ಪಿದರೆ ಕಡತ ಬೇರೆ ಕಚೇರಿಗೆ ಹೋಗಿ ಅಲ್ಲೇ ಕೂರುತ್ತದೆ.

ಏಜೆಂಟರ ವಿಚಾರ. ಪೂರ್ತಿ ಪ್ಯಾಕೇಜ್ ಯಾರಿಂದಲೂ ಕೊಳ್ಳಬೇಕಾಗಿಲ್ಲ. ಅಪಾಸ್ಟಿಲ್‌ಗೆ ಓಡಾಡಲು, ಅಫಿಡವಿಟ್ ಟೈಪ್ ಮಾಡಿಸಲು ದುಡ್ಡು ಕೊಡುವುದು ನ್ಯಾಯ. ವೀಸಾ ಗ್ಯಾರಂಟಿ ಎನ್ನುವವರಿಗೆ, ಪೊಲೀಸ್ ವಿಚಾರಣೆಯ ಹೆಸರಿನಲ್ಲಿ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಇ-ಎಫ್‌ಆರ್‌ಆರ್‌ಒ ಖಾತೆಗೆ ಏಜೆಂಟರ ಇಮೇಲ್, ಮೊಬೈಲ್ ಹಾಕಲೇಬೇಡಿ. ಪ್ರಶ್ನೆ ಅವರಿಗೆ ಬರುತ್ತದೆ, ಉತ್ತರದ ಗಡುವು ಮುಗಿದಿದ್ದು ನಿಮಗೆ ಗೊತ್ತೇ ಆಗುವುದಿಲ್ಲ.

ಮದುವೆಯನ್ನು ದೆಹಲಿಯ ಫಿಲಿಪೀನ್ಸ್ ರಾಯಭಾರ ಕಚೇರಿಗೆ ವರದಿ ಮಾಡುವುದನ್ನೂ ಮುಂದೂಡಬೇಡಿ. ತಡವಾದರೆ ಕಾರಣ ತಿಳಿಸುವ ಅಫಿಡವಿಟ್ ಬೇಕು. ಆ ವರದಿ ಪಿಎಸ್‌ಎ ತಲುಪದೆ ಅವರ ದೇಶದ ದಾಖಲೆಯಲ್ಲಿ ಈ ಮದುವೆ ಕಾಣುವುದಿಲ್ಲ. ಹೆಂಡತಿ ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂದು ಫಿಲಿಪೀನ್ಸ್ ಕಾನೂನಿನಲ್ಲಿಲ್ಲ. ಪಾಸ್‌ಪೋರ್ಟಿನ ಹೆಸರು ಹಾಗೆಯೇ ಇರಲಿ ಎನ್ನುವುದು ನಮ್ಮ ಸಲಹೆ. ನಡುವೆ ಹೆಸರು ಬದಲಾದರೆ ವೀಸಾ, ನೋಂದಣಿ ಎಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ನೋಂದಣಿಯಾದ ಮದುವೆ 2 ವರ್ಷ ಸತತವಾಗಿ ಉಳಿದ ಮೇಲೆ ವಿದೇಶಿ ಸಂಗಾತಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದೊಳಗೆ ಶುಲ್ಕ 15,000 ರೂಪಾಯಿ, ಭದ್ರತಾ ಪರಿಶೀಲನೆ ಕಡ್ಡಾಯ. ಕಾರ್ಡ್ ಬಂದ ಮೇಲೆ ವೀಸಾ ವಿಸ್ತರಣೆಯ ಚಿಂತೆ ಮುಗಿಯಿತು. ಒಂದು ಮಿತಿ ಮಾತ್ರ ರೇಷ್ಮೆ, ಟೊಮೆಟೊ ನಂಬಿದ ಮನೆಗಳಿಗೆ ಮುಖ್ಯ: ಒಸಿಐ ಇದ್ದರೂ ಕೃಷಿ ಜಮೀನು ಕೊಳ್ಳುವ ಹಕ್ಕಿಲ್ಲ. ಹೊಸದಾಗಿ ತೋಟ ಕೊಳ್ಳುವುದಿದ್ದರೆ ಕ್ರಯಪತ್ರ ಭಾರತೀಯ ಸಂಗಾತಿಯ ಹೆಸರಿಗೇ ಆಗಲಿ.