ಮಳೆನೀರಿನ ಶುಲ್ಕ: ಮ್ಯಾಂಚೆಸ್ಟರ್ ಲೆಕ್ಕ, ಗ್ಲಾಸ್ಗೋ ಲೆಕ್ಕ

ಬ್ರಿಟನ್‌ನಲ್ಲಿ ವ್ಯಾಪಾರಕ್ಕೆ ಜಾಗ ಹುಡುಕುವಾಗ ಬಾಡಿಗೆ ಮಾತ್ರ ನೋಡಬೇಡಿ, ಮಳೆನೀರಿನ ಚರಂಡಿ ಶುಲ್ಕವನ್ನೂ ಕೇಳಿ, ಅಂದರೆ ಜಾಗದ ಮಳೆನೀರು ಸಾರ್ವಜನಿಕ ಚರಂಡಿಗೆ ಹರಿಯುವುದಕ್ಕೆ ಕೊಡಬೇಕಾದ ಹಣ.

ಮ್ಯಾಂಚೆಸ್ಟರ್‌ನಲ್ಲಿ ಯುನೈಟೆಡ್ ಯುಟಿಲಿಟೀಸ್ ಎಂಬ ನೀರು-ಚರಂಡಿ ಕಂಪನಿ ಜಾಗದ ವಿಸ್ತೀರ್ಣ ನೋಡಿ ಶುಲ್ಕ ಹಾಕುತ್ತದೆ. ನಲ್ಲಿಯಲ್ಲಿ ಎಷ್ಟು ನೀರು ಬಳಸಿದಿರಿ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ದೊಡ್ಡ ಪಾರ್ಕಿಂಗ್ ಇರುವ ಗೋದಾಮಿಗೆ ಇದು ಭಾರ, ಹಲವು ಮಹಡಿಯ ಕಚೇರಿಗೆ ಹಗುರ. ಮಳೆನೀರು ಇಂಗುಗುಂಡಿಗೋ ಹೊಳೆಗೋ ಹೋಗಿ, ಸಾರ್ವಜನಿಕ ಚರಂಡಿಗೆ ಸೇರದಿದ್ದರೆ ರಿಯಾಯಿತಿ ಕೇಳಬಹುದು. ಸುಮ್ನೆ ಬಿಡಬೇಡಿ, ಅರ್ಜಿ ಹಾಕಿ.

ಗ್ಲಾಸ್ಗೋದಲ್ಲಿ ಆಧಾರವೇ ಬೇರೆ: ರೇಟಬಲ್ ವ್ಯಾಲ್ಯೂ, ಅಂದರೆ ತೆರಿಗೆಗಾಗಿ ಅಂದಾಜು ಮಾಡಿದ ಬಾಡಿಗೆ ಮೌಲ್ಯ. ಪೇಟೆ ನಡುವೆ ಬಾಡಿಗೆ ಮೌಲ್ಯ ಹೆಚ್ಚಿರುವುದರಿಂದ ಅಲ್ಲಿನ ಪುಟ್ಟ ಅಂಗಡಿಗೂ ಜಾಸ್ತಿ ಬೀಳಬಹುದು.

ನನಗೆ ವಿಸ್ತೀರ್ಣದ ಲೆಕ್ಕವೇ ನ್ಯಾಯ ಅನಿಸುತ್ತದೆ. ಚಾವಣಿ, ಅಂಗಳ ದೊಡ್ಡದಾದಷ್ಟೂ ಹರಿಯುವ ನೀರು ಜಾಸ್ತಿ, ಅಲ್ವಾ? ಆದರೆ ಪೇಟೆಯಿಂದ ದೂರ, ಅಗ್ಗದ ದೊಡ್ಡ ಅಂಗಳ ಬೇಕಿದ್ದವರಿಗೆ ಗ್ಲಾಸ್ಗೋ ಲೆಕ್ಕವೇ ಅನುಕೂಲವಾಗಬಹುದು.